ಮೊದಲ ಗುಂಡಿನ ಮರ್ಯಾದೆ

ಬಂದೂಕು ರಿಪೇರಿ ಮಾಡುವವನಿಗೆ ಬಂದೂಕಿನ ಸದ್ದೆಂದರೆ ಹೆದರಿಕೆ ಅಂದರೆ ಯಾರೂ ನಂಬುವುದಿಲ್ಲ. ನಾನೂ ಯಾರನ್ನೂ ನಂಬಿಸಲು ಹೋಗಿರಲಿಲ್ಲ. ಹಳಿಯಾಳದ ಪೇಟೆಯಲ್ಲಿ 'ಬಂದೂಕಿನ ಶೇಖಪ್ಪ' ಎಂದು ಕೇಳಿದರೆ ಜನ ನನ್ನ ಅಂಗಡಿ ತೋರಿಸುತ್ತಿದ್ದರು. ಆ ಶೇಖಪ್ಪ ದೀಪಾವಳಿಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಒಳಮನೆಯಲ್ಲಿ ಕೂರುತ್ತಾನೆ ಎಂಬುದು ನನ್ನ ಹೆಂಡತಿ ಶಂಕ್ರೆವ್ವನಿಗೆ ಮಾತ್ರ ಗೊತ್ತಿತ್ತು.

ನಾನು ಮುಂಡಗೋಡದವನು. ಅಲ್ಲಿ ಹೊಲಿಗೆ ಯಂತ್ರ, ಸೈಕಲ್ಲು, ಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತಿದ್ದೆ. ಜೋಡಿಸಿದ ಮೇಲೆ ಆಗಾಗ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. ಅವು ಮೊದಲಿನಿಂದಲೂ ಹೆಚ್ಚಾಗಿಯೇ ಇದ್ದವು ಎಂದು ಗಿರಾಕಿಗೆ ಹೇಳುತ್ತಿದ್ದೆ. ಹಳಿಯಾಳದ ಉಳವಪ್ಪನವರಿಗೆ ಒಬ್ಬಳೇ ಮಗಳು, ಜೊತೆಗೆ ಸರ್ಕಾರದ ಪರವಾನಗಿ ಇದ್ದ ಬಂದೂಕು ರಿಪೇರಿ ಅಂಗಡಿ. ಹೊಲಕ್ಕೆ ನುಗ್ಗುವ ಹಂದಿ ಓಡಿಸುವ ರೈತರೆಲ್ಲ ಅವರ ಗಿರಾಕಿಗಳು. ನನ್ನ ಕೈ ಚುರುಕಾಗಿದೆ ಎಂದು ನೋಡಿ ಮನೆ ಅಳಿಯನನ್ನಾಗಿ ಮಾಡಿಕೊಂಡರು. ಎದೆ ಹೇಗಿದೆ ಎಂದು ನೋಡುವುದನ್ನು ಮರೆತರು.

ಮಾವನವರದು ಒಂದು ಪದ್ಧತಿ ಇತ್ತು. ರಿಪೇರಿಯಾದ ಬಂದೂಕನ್ನು ದಾಂಡೇಲಿ ರಸ್ತೆಯ ಹಾಳು ಕಲ್ಲುಕ್ವಾರಿಗೆ ಒಯ್ದು, ಮರಳಿನ ಚೀಲ ಇಟ್ಟು, ಮೊದಲ ಗುಂಡನ್ನು ಗಿರಾಕಿಯ ಎದುರಿಗೆ ತಾವೇ ಹಾರಿಸುತ್ತಿದ್ದರು. "ಸಿಡಿದ್ರ ನನ್ನ ಕೈಯಾಗ ಸಿಡೀಲಿ" ಎನ್ನುತ್ತಿದ್ದರು. ೧೯೫೮ರಲ್ಲಿ ಅವರು ತೀರಿಕೊಂಡಾಗ ಪರವಾನಗಿ ನನ್ನ ಹೆಸರಿಗೆ ಬಂತು. ಅದರ ಜೊತೆಗೆ ಈ ಪದ್ಧತಿಯೂ ನನ್ನ ಕೊರಳಿಗೆ ಬಿತ್ತು.

ಹೆದರಿದಾಗ ನನ್ನ ಬುದ್ಧಿ ಬಹಳ ಚೆನ್ನಾಗಿ ಓಡುತ್ತದೆ. ಮೊದಲ ಗಿರಾಕಿ ಕ್ವಾರಿಯಲ್ಲಿ ನನ್ನ ಮುಖ ನೋಡುತ್ತ ನಿಂತಾಗ, "ಮೊದಲ ಗುಂಡು ಯಜಮಾನ್ರ ಕೈಯಿಂದನ ಆಗಬೇಕ್ರಿ. ಆಯುಧಕ್ಕ ಅದ ಮರ್ಯಾದಿ" ಎಂದುಬಿಟ್ಟೆ. ಅವನು ಉಬ್ಬಿಹೋದ. ಅವನು ಹಾರಿಸಿದ, ನಾನು ಅವನ ಹಿಂದೆ ದೂರದಲ್ಲಿ ಗುರಿ ನೋಡುವವನ ಹಾಗೆ ನಿಂತು ಕಣ್ಣು ಮುಚ್ಚಿಕೊಂಡೆ. ಒಂದೆರಡು ವರ್ಷದಲ್ಲಿ ಅದೇ ನಮ್ಮ ಅಂಗಡಿಯ ಸಂಪ್ರದಾಯವಾಯಿತು. ಕೆಲವರು ತೆಂಗಿನಕಾಯಿ ಒಡೆದು ಹಾರಿಸುತ್ತಿದ್ದರು. ನನ್ನ ಪುಕ್ಕಲುತನಕ್ಕೆ ಪೂಜೆಯಾಗುವುದನ್ನು ನಾನು ಕೈಮುಗಿದುಕೊಂಡು ನೋಡುತ್ತಿದ್ದೆ.

ಶಂಕ್ರೆವ್ವ ಇದಕ್ಕೆಲ್ಲ ಏನೂ ಅನ್ನುತ್ತಿರಲಿಲ್ಲ. ಗುಂಡಿನ ಪೆಟ್ಟಿಗೆಯ ಕೀಲಿ ಅವಳ ಸೆರಗಿನಲ್ಲಿರುತ್ತಿತ್ತು, ಕ್ವಾರಿಯಲ್ಲಿ ಗುಂಡು ತುಂಬಿಕೊಡುವವಳೂ ಅವಳೇ. ಸಣ್ಣವಳಿದ್ದಾಗಿನಿಂದ ಅಪ್ಪನ ಜೊತೆ ಅಲ್ಲಿಗೆ ಹೋಗಿ ಗುರಿ ಕಲಿತಿದ್ದಳು. "ನೀವು ಸದ್ದಿಗೆ ಅಂಜತೀರಿ ಅಷ್ಟ. ನಿಮ್ಮ ಕೆಲಸ ಅಪ್ಪನ ಕೆಲಸದಂಗ ಗಟ್ಟಿ ಐತಿ" ಎಂದು ಒಂದು ಸಲ ಹೇಳಿದ್ದಳು. ಆ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲೇ ಚಪ್ಪರಿಸಿದ್ದೆ.

೧೯೬೩ರ ಮಳೆಗಾಲ ಮುಗಿಯುವ ಹೊತ್ತಿಗೆ ಮಹಾಂತಪ್ಪ ಸಾಹುಕಾರರು ಜೀಪಿನಲ್ಲಿ ಬಂದಿಳಿದರು. ಬೆಳಗಾವಿ ಕಡೆಯವರು, ಮಾವನವರನ್ನು ಬಲ್ಲವರು. ಕುಂಬಾರವಾಡದ ಕಾಡಿನಲ್ಲಿ ಬಿದಿರು ಕಡಿಸಿ ದಾಂಡೇಲಿಗೆ ಸಾಗಿಸುವ ಗುತ್ತಿಗೆ ಹಿಡಿದಿದ್ದರು. ಅವರ ಹತ್ತಿರ ಪರವಾನಗಿ ಪಡೆದ ಒಂದು ಪುಟ್ಟ ರಿವಾಲ್ವರ್ ಇತ್ತು. ಮಳೆಗಾಲವೆಲ್ಲ ಒದ್ದೆ ಚರ್ಮದ ಚೀಲದಲ್ಲಿ ಮಲಗಿದ್ದರಿಂದ ಅದರ ಐದು ಗುಂಡು ಕೂರುವ ಐದು ಮನೆಗಳ ತಿರುಗುವ ಸಿಲಿಂಡರ್ ತುಕ್ಕು ಹಿಡಿದು ಸೀಳು ಬಿಟ್ಟಿತ್ತು.

"ಖಂಡೆ ಪೂಜಿ ಬಂತು, ಶೇಖಪ್ಪ. ಒಡದ ಆಯುಧ ಪೂಜಿಗೆ ಇಡಂಗಿಲ್ಲ. ಬ್ಯಾರೆ ಸಿಲಿಂಡರ್ ಕೂಡಿಸಿ ಕೊಡ್ತೀಯೇನು?" ಎಂದು ಕೇಳಿದರು.

ನಾನು ಅಲ್ಲಿಯತನಕ ರಿವಾಲ್ವರ್ ಬಿಚ್ಚಿದವನೇ ಅಲ್ಲ. "ಅದೇನ್ ದೊಡ್ಡದ್ರಿ" ಎಂದೆ. ಈ ಮಾತು ಬಾಯಿಂದ ಹೊರಡುವಾಗ ನನ್ನನ್ನು ಕೇಳುವುದಿಲ್ಲ.

ಬೆಳಗಾವಿಯ ವ್ಯಾಪಾರಿಯೊಬ್ಬರಿಂದ ಅದೇ ಮಾದರಿಯ ಹಳೆಯ ಸಿಲಿಂಡರ್ ತರಿಸಿ ಕೂಡಿಸಿದೆ. ಹೊಲಿಗೆ ಯಂತ್ರಕ್ಕೆ ಬಾಬಿನ್ ಹಾಕಿದಷ್ಟು ಸಲೀಸಾಗಿ ಕೂತುಕೊಂಡಿತು. ಆದರೆ ಕೂತರೆ ಸಾಲದು. ಅದು ತಿರುಗಿ ನಿಂತಾಗ ಪ್ರತಿಯೊಂದು ಮನೆಯೂ ನಳಿಗೆಗೆ ನೇರವಾಗಿ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಗುಂಡು ನಳಿಗೆಯ ಅಂಚಿಗೆ ಬಡಿದು, ಹಿಡಿದವರ ಕೈಗೋ ಕಣ್ಣಿಗೋ ಸೀಸ ಸಿಡಿಯುತ್ತದೆ. ಖಾಲಿ ರಿವಾಲ್ವರಿನ ನಳಿಗೆಯಲ್ಲಿ ಅದರ ಅಳತೆಯ ಹಿತ್ತಾಳೆ ಸಲಾಕೆ ಇಳಿಸಿ ನೋಡಿದೆ. ನಾಲ್ಕು ಮನೆಗಳಿಗೆ ಸರಾಗವಾಗಿ ಇಳಿಯಿತು. ಐದನೆಯದರ ಅಂಚಿಗೆ ತಾಗಿ ನಿಂತುಬಿಟ್ಟಿತು.

ಆ ಸಿಲಿಂಡರ್ ವಾಪಸ್ ಕಳಿಸಿ ಬೇರೆಯದನ್ನು ತರಿಸುವುದೇ ಸರಿಯಾದ ಕೆಲಸ. ಅಷ್ಟರಲ್ಲಿ ಪೂಜೆಯ ದಿನ ಮುಗಿಯುತ್ತಿತ್ತು, ನಾನು ಕೊಚ್ಚಿಕೊಂಡ ಮಾತು ನಗೆಪಾಟಲಾಗುತ್ತಿತ್ತು. ಸಲಾಕೆಯನ್ನು ತುಸು ತಿರುವಿ ಒತ್ತಿದೆ. ಇಳಿಯಿತು. 'ಇಳಿಯಿತಲ್ಲ' ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ಮಾತನ್ನು ಬೇರೆ ಯಾವ ಮೇಸ್ತ್ರಿ ಹೇಳಿದ್ದರೂ ಅವನನ್ನು ಅಂಗಡಿಯಿಂದ ಎಬ್ಬಿಸಿ ಕಳಿಸುತ್ತಿದ್ದೆ.

ಮಹಾನವಮಿಯ ಹಿಂದಿನ ದಿನ ಬೆಳಿಗ್ಗೆ ಸಾಹುಕಾರರು, ಶಂಕ್ರೆವ್ವ, ನಾನು ಮೂವರೂ ಕ್ವಾರಿಗೆ ಹೋದೆವು. ಶಂಕ್ರೆವ್ವ ಐದೂ ಮನೆಗಳಿಗೆ ಗುಂಡು ತುಂಬಿ, ನಳಿಗೆಯನ್ನು ನೆಲದ ಕಡೆಗೆ ಹಿಡಿದು ನಿಂತಳು. ನಾನು ಎಂದಿನ ಹಾಗೆ ಹಲ್ಲು ಕಿರಿದು, "ಮೊದಲ ಗುಂಡು ಯಜಮಾನ್ರ ಕೈಯಿಂದ ಆಗಲ್ರಿ" ಎಂದು ಹೇಳಿ ಜೀಪಿನ ಕಡೆಗೆ ಸರಿಯತೊಡಗಿದೆ.

ಮಹಾಂತಪ್ಪನವರು ರಿವಾಲ್ವರ್ ಮುಟ್ಟಲಿಲ್ಲ. ಶಂಕ್ರೆವ್ವನ ಕಡೆ ನೋಡಿ ನಕ್ಕರು. "ಉಳವಪ್ಪಣ್ಣನ ಮಗಳು ಇಲ್ಲಿರೂ ಮುಂದ ನಂದೇನ್ ಮರ್ಯಾದಿ? ಹಿರ್ಯಾರ ಅಂಗಡಿ ಇದು. ಮೊದಲ ಗುಂಡು ಈಕಿನ ಹಾರಸ್ಲಿ" ಎಂದರು.

ಶಂಕ್ರೆವ್ವನ ಮುಖ ಅರಳಿತು. ಅಪ್ಪ ಹೋದ ಮೇಲೆ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಸೆರಗು ಬಿಗಿದು, ಮರಳಿನ ಚೀಲದ ಕಡೆಗೆ ತಿರುಗಿ, ಕೈ ಮೇಲೆತ್ತಿದಳು. ನನಗೆ ಅವಳ ಕೈ ಬಿಟ್ಟು ಬೇರೇನೂ ಕಾಣಲಿಲ್ಲ. ರೊಟ್ಟಿ ಬಡಿಯುವ ಕೈ, ನನ್ನ ಕಿವಿಯ ಹತ್ತಿಯನ್ನು ನಗುತ್ತ ಕಿತ್ತುಹಾಕುವ ಕೈ.

"ನಿಲ್ಲು! ಹಾರಸಬ್ಯಾಡ!" ಎಂದು ಕಿರುಚಿದೆ. ಬಂದೂಕಿನ ಸದ್ದಿಗೆ ಹೆದರುವ ನಾನು ಅದಕ್ಕಿಂತ ದೊಡ್ಡ ಸದ್ದು ಮಾಡಿದೆ.

ಅವಳು ಗಾಬರಿಯಾಗಲಿಲ್ಲ. ನಳಿಗೆ ಕೆಳಗೆ ಮಾಡಿದಳು, ಸಿಲಿಂಡರ್ ತೆರೆದಳು, ಐದೂ ಗುಂಡುಗಳನ್ನು ಅಂಗೈಗೆ ಸುರಿದುಕೊಂಡಳು. ಆಮೇಲೆ "ಯಾಕ್ರಿ? ಏನಾತು?" ಎಂದಳು.

"ಒಂದು ಮನಿ ಓರೆ ಐತಿ. ಸಿಡಿಯೂ ಹಂಗ ಐತಿ."

"ನಿಮಗ ಯಾವಾಗ ಗೊತ್ತಾತು?"

"ಕೂಡಿಸಿದಾಗನ."

ಮಹಾಂತಪ್ಪನವರ ನಗು ಮಾಯವಾಯಿತು. ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದರು. ಸಿಟ್ಟಿನಿಂದ ಅಲ್ಲ, ಗುರುತು ಸಿಗದವರನ್ನು ನೋಡುವ ಹಾಗೆ. "ಅಂದ್ರ ನನ್ನ ಕೈಗಾದ್ರ ನಡೀತಿತ್ತೇನು, ಶೇಖಪ್ಪ?" ಎಂದರು.

ಅವರು ರಿವಾಲ್ವರನ್ನು ನಮ್ಮ ಹತ್ತಿರವೇ ಬಿಟ್ಟು ಜೀಪು ಹತ್ತಿ ಹೋದರು. ಮರುದಿನ ಅವರ ಮನೆಯಲ್ಲಿ ರಿವಾಲ್ವರ್ ಇಲ್ಲದೆಯೇ ಪೂಜೆಯಾಯಿತು.

ನಾವಿಬ್ಬರೂ ಊರ ಕಡೆ ನಡೆದೆವು. ಅರ್ಧ ದಾರಿಯಲ್ಲಿ ಶಂಕ್ರೆವ್ವ ನಿಂತಳು. "ಬರೇ ಸದ್ದಿಗೆ ಅಂಜತೀರಿ ಅಂತ ತಿಳಿದಿದ್ದೆ. ಇಷ್ಟು ವರ್ಷ ಇಂಥಾವು ಯಾರ್ಯಾರ ಕೈಯಾಗ ಕೊಟ್ಟೀರಿ?" ಎಂದಳು. ನನಗೆ ಭೂಮಿ ಬಾಯಿ ತೆರೆದರೆ ಸಾಕು ಅನ್ನಿಸಿತು. ಹಿಂದಿನ ಬಂದೂಕುಗಳೆಲ್ಲ ಚೆನ್ನಾಗಿಯೇ ಇದ್ದವು ಎಂದು ಹೇಳಬಹುದಿತ್ತು. ಆದರೆ ಅವು ಚೆನ್ನಾಗಿವೆಯೇ ಎಂದು ಸ್ವಂತ ಕೈ ಒಡ್ಡಿ ಹಾರಿಸಿ ನೋಡಿದವನು ನಾನಲ್ಲ.

ದೀಪಾವಳಿಯ ಹೊತ್ತಿಗೆ ಬೇರೆ ಸಿಲಿಂಡರ್ ಬಂತು. ಈ ಸಲ ಸಲಾಕೆ ಐದೂ ಮನೆಗಳಿಗೆ ತಿರುವದೆ, ಒತ್ತದೆ ಇಳಿಯಿತು. ಆದರೂ ಮತ್ತೆ ಮತ್ತೆ ಇಳಿಸಿ ನೋಡಿದೆ. ಹೇಳಿಕಳಿಸಿದಾಗ ಮಹಾಂತಪ್ಪನವರು ಬಂದರು, ಆದರೆ ಕ್ವಾರಿಯಲ್ಲಿ ಜೀಪಿನ ಹಿಂದೆ, ನಾನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತರು. ಅವರನ್ನು ಕಂಡು ಆ ಜಾಗದಲ್ಲಿ ನಿಂತ ಮನುಷ್ಯ ಹೇಗೆ ಕಾಣುತ್ತಾನೆ ಎಂಬುದು ನನಗೆ ತಿಳಿಯಿತು.

ಶಂಕ್ರೆವ್ವ ಗುಂಡು ತುಂಬಿ ರಿವಾಲ್ವರನ್ನು ನನ್ನ ಕಡೆ ಚಾಚಿದಳು. ನಾನು ಅದನ್ನು ತೆಗೆದುಕೊಂಡು ಮರಳಿನ ಚೀಲದ ಎದುರಿಗೆ ನಿಂತೆ. ಕಣ್ಣು ತೆರೆದುಕೊಂಡೇ ಹಾರಿಸಿದೆ. ಮೊದಲ ಸದ್ದಿಗೆ ಅಯ್ಯೋ ಎಂದು ಕೂಗಿದ್ದೂ ನಿಜ. ಐದೂ ಗುಂಡು ಮುಗಿದ ಮೇಲೆ ಅವಳು ರಿವಾಲ್ವರ್ ತೆಗೆದುಕೊಂಡು ಖಾಲಿಯಾಗಿದೆಯೇ ಎಂದು ನೋಡಿದಳು. ಆಮೇಲೆ ನನ್ನ ಕೈ ಹಿಡಿದು, ಮಗುಚಿ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಈಗ ಅವರಿಗೆ ಕೊಡ್ರಿ" ಎಂದಳು.