ಅರಮನೆಯಲ್ಲಿ ಹುಟ್ಟಿದ ನಮ್ಮ ಟೀಚರ್

ನಮ್ಮ ಚರಿತ್ರೆ ಟೀಚರ ಕಿವಿಯ ತೂತುಗಳು ಉದ್ದಕ್ಕೆ ಇಳಿಬಿದ್ದಿದ್ದವು. ಎಳೆ ವಯಸ್ಸಿನಲ್ಲಿ ಭಾರದ ಜುಮುಕಿ ಹಾಕಿದವರ ಕಿವಿ ಹಾಗಾಗುತ್ತದೆ ಎಂದು ಅಮ್ಮಿ ಹೇಳುತ್ತಿದ್ದರು. ನಾನು ಕಂಡಾಗ ಆ ಕಿವಿಯಲ್ಲಿದ್ದದ್ದು ಕಾಳುಮೆಣಸಿನಷ್ಟು ಹರಳು. ಮೈಮೇಲೆ ನೂಲಿನ ಸೀರೆ, ಬೆರಳ ತುದಿಗೆಲ್ಲ ಸೀಮೆಸುಣ್ಣ.

ಅವರು ಯಾರೆಂದು ಗುಬ್ಬಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಂಚಿನ ಅರಮನೆ ಅವರ ತಾತ ಕಟ್ಟಿಸಿದ್ದು. ತೇಗದ ಕಂಬಗಳು ಎತ್ತಿನ ಗಾಡಿಗಳಲ್ಲಿ ತಿಂಗಳುಗಟ್ಟಲೆ ಬಂದವಂತೆ. ಸುತ್ತಲಿನ ತೆಂಗಿನ ತೋಟ, ಕೆರೆ ಹಿಂದಿನ ಗದ್ದೆ ಎಲ್ಲ ಒಂದು ಕಾಲಕ್ಕೆ ಆ ಮನೆತನದ್ದೇ. ಎಪ್ಪತ್ತರ ದಶಕದಲ್ಲಿ ಗೇಣಿ ಜಮೀನು ಉಳುವವರ ಪಾಲಾಯಿತು. ಅಣ್ಣಂದಿರು ತೋಟ ಮಾರಿ ಊರು ಬಿಟ್ಟರು. ಅರಮನೆಗೆ ಸರ್ಕಾರಿ ಕಚೇರಿ ಬಂತು. ಗಂಡನೂ ಮಕ್ಕಳೂ ಇಲ್ಲದ ಟೀಚರ್ ಮಾತ್ರ ನಮ್ಮ ಬೀದಿಯ ಬಾಡಿಗೆ ಕೋಣೆಯಲ್ಲಿ ಉಳಿದರು.

"ಯಾರು ಆಳಿದ್ರು ಅಂತ ಬರೆದ್ರೆ ಸಾಲ್ದು, ಯಾರು ಗೇಯ್ದ್ರು ಅಂತಾನೂ ಬರೀರಿ" ಎಂದು ಪಾಠದಲ್ಲಿ ಹೇಳುತ್ತಿದ್ದರು. ಆದರೆ ಅರಮನೆಯ ಮುಂದೆ ನಡೆಯುತ್ತಿರಲಿಲ್ಲ. ಶಾಲೆಗೆ ಅದೇ ಹತ್ತಿರದ ದಾರಿ. ಅವರು ಸಂತೆ ಮೈದಾನ ಬಳಸಿ ಬರುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಬ್ಬಾ, "ಓದಿದ್ದು ಸಾಕು" ಎಂದುಬಿಟ್ಟರು. ಟೀಚರ್ ನಮ್ಮ ಬಳೆ ಅಂಗಡಿಗೇ ಬಂದರು.

"ಸಾಬ್ರೇ, ಅರಮನೆ ಹೆಣ್ಮಗಳಿಗೆ ಓದು ಯಾಕೆ ಅಂತ ನನ್ನನ್ನೂ ಸ್ಕೂಲು ಬಿಡಿಸಿದ್ರು. ಗಂಡ ಹೋದ್ಮೇಲೆ, ಮೂವತ್ತು ದಾಟಿದ ಮೇಲೆ ಪರೀಕ್ಷೆ ಕಟ್ಟಿದೆ. ಇವಳನ್ನ ಅಷ್ಟು ದಿನ ಕಾಯಿಸ್ಬೇಡಿ."

ಅಬ್ಬಾ ಬಹಳ ಹೊತ್ತು ಬಳೆಗಳನ್ನು ಒರೆಸುತ್ತ ಕೂತಿದ್ದರು. "ಸ್ಕಾಲರ್‌ಶಿಪ್ ಸಿಕ್ಕಿದ್ರೆ ಕಳಿಸ್ತೀನಿ ಮೇಡಮ್ಮೋರೆ" ಎಂದರು.

ಅದಕ್ಕೆ ಬೇಕಾದ ಸರ್ಟಿಫಿಕೇಟ್ ಕೊಡುವುದು ಅರಮನೆಯಲ್ಲಿದ್ದ ಆ ಕಚೇರಿಯವರೇ. ಗುಮಾಸ್ತರೊಬ್ಬರು ಎರಡು ಸಲ ನನ್ನನ್ನು ವಾಪಸು ಕಳಿಸಿದರು. ಅರ್ಜಿ ಹಾಕುವ ಕೊನೆಯ ದಿನ ಟೀಚರ ಮುಂದೆ ಅಳುತ್ತ ನಿಂತೆ. ಅವರು ಬೆರಳ ಸೀಮೆಸುಣ್ಣ ಒರೆಸಿಕೊಂಡರು. ಆಮೇಲೆ, "ನಡಿ, ನಾನೂ ಬರ್ತೀನಿ" ಎಂದರು.

ಮುಂಬಾಗಿಲಲ್ಲಿ ಅವರ ಹೆಜ್ಜೆ ಒಂದು ಗಳಿಗೆ ನಿಂತಿತು. ಒಳಗಿನ ದೊಡ್ಡ ಹಜಾರದ ತುಂಬ ಮೇಜು, ಫೈಲು.

"ಹೊರಗೆ ಕೂತ್ಕೊಳ್ಳಿ ಅಮ್ಮ" ಎಂದರು ಗುಮಾಸ್ತರು, ತಲೆಯೆತ್ತದೆ.

"ಪರವಾಗಿಲ್ಲ. ಸಹಿ ಆಗೋವರ್ಗೂ ಇಲ್ಲೇ ನಿಂತಿರ್ತೀವಿ" ಎಂದರು ಟೀಚರ್.

ತಾವು ಯಾರೆಂದು ಹೇಳಲಿಲ್ಲ. ಮಧ್ಯಾಹ್ನದವರೆಗೂ ನಿಂತರು. ಊಟಕ್ಕೆಂದು ಎದ್ದು ಬಂದ ಅಧಿಕಾರಿ ನಮ್ಮನ್ನು ನೋಡಿ, ವಿಷಯ ಕೇಳಿ, ನಿಂತಲ್ಲೇ ಸಹಿ ಹಾಕಿದರು.

ಕಾಗದ ನನ್ನ ಕೈಗೆ ಬಂದ ಮೇಲೆ ಟೀಚರ್ ತಲೆಯೆತ್ತಿ ಮಹಡಿಯ ಜಾಲರಿ ಕಿಟಕಿ ನೋಡಿದರು.

"ನವರಾತ್ರೀಲಿ ತಾತ ಇಲ್ಲಿ ದರ್ಬಾರು ಮಾಡೋರು. ನಾವು ಹೆಂಗಸರು ಅಲ್ಲಿಂದ ನೋಡ್ತಿದ್ವಿ. ಈ ಹಜಾರಕ್ಕೆ ಇಳಿಯೋ ಹಂಗಿರ್ಲಿಲ್ಲ. ಹೋಗೋದು ಬರೋದು ಹಿತ್ತಿಲ ಬಾಗಿಲಲ್ಲಿ, ಪರದೆ ಕಟ್ಟಿದ ಗಾಡೀಲಿ." ಬಾಗಿಲ ಕಡೆ ತಿರುಗಿ, "ಹುಟ್ಟಿದ ಮನೆಗೆ ಮುಂಬಾಗಿಲಿಂದ ಇವತ್ತೇ ಕಣೇ ಬಂದಿದ್ದು" ಎಂದರು.

ಅಷ್ಟು ಕಟ್ಟಿಹಾಕಿದ ಮನೆಯ ಮೇಲೆ ಅವರಿಗೆ ಕೋಪವಿರಬೇಕು ಎಂದುಕೊಂಡೆ. "ಅದಕ್ಕೇನಾ ಟೀಚರ್, ಈ ದಾರೀಲಿ ಬರ್ತಿರ್ಲಿಲ್ಲ?"

"ಅಯ್ಯೋ, ಅದಕ್ಕಲ್ಲ. ಈ ಕಡೆ ಬಂದ್ರೆ ಮಹಡೀಲಿ ನಮ್ಮವ್ವ ಇನ್ನೂ ಕೂತಿದಾಳೆ ಅನ್ನಿಸ್ಬಿಡತ್ತೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ತುಮಕೂರಿನಲ್ಲಿ ಓದಿದೆ, ಹೆಬ್ಬೂರಿನ ಶಾಲೆಯಲ್ಲಿ ಟೀಚರಾದೆ. ಎಂಬತ್ತರ ದಶಕ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅವರು ತೀರಿಕೊಂಡರು, ಸುದ್ದಿ ನನಗೆ ತಲುಪಿದ್ದು ಮಧ್ಯಾಹ್ನ. ಎರಡು ಬಸ್ಸು ಬದಲಾಯಿಸಿ ಗುಬ್ಬಿ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಎಲ್ಲ ಮುಗಿದಿರುತ್ತದೆ ಎಂದುಕೊಂಡೇ ಓಡಿದೆ. ಮುಗಿದಿರಲಿಲ್ಲ. ಮಧ್ಯಾಹ್ನವೇ ಬಂದಿದ್ದ ಅವರ ಅಣ್ಣ ಹೊತ್ತಾಯಿತೆಂದು ಅವಸರ ಮಾಡಿದರಂತೆ. ಬೀದಿಯ ಹೆಂಗಸರು ಬಾಗಿಲಿಗೆ ಅಡ್ಡ ಕೂತು, "ಮಗಳು ಬರೋವರ್ಗೂ ಎತ್ತಂಗಿಲ್ಲ" ಎಂದರಂತೆ.

ಯಾವ ಮಗಳು ಎಂದು ಯಾರೂ ಕೇಳಲಿಲ್ಲವಂತೆ.