ಕೊಸರು ಕೇಳಿ ಕೊಂಡ ಪಾಠಗಳು

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಗಜೇಂದ್ರಗಡದಲ್ಲಿ ಕಡಲೆ ವ್ಯಾಪಾರ ಮಾಡಿ ನನ್ನ ಕಾಲ ಮೇಲೆ ನಿಂತೆ. ಪುರ್ತಗೇರಿಯಿಂದ ಬಂದ ಚೀಲದ ತಳಕ್ಕೆ ಕೈ ಇಳಿಸಿ ಒಂದು ಹಿಡಿ ಕಾಳು ತೆಗೆದರೆ ಸಾಕು, ಅದು ಎಂಥ ಹೊಲದ್ದೆಂದು ಹೇಳಿಬಿಡುತ್ತಿದ್ದೆ. ಆ ಹೆಸರಿನ ಮೇಲೆಯೇ ಮಗಳು ಓದುವ ಹೆಣ್ಣುಮಕ್ಕಳ ಹೈಸ್ಕೂಲಿನ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದರು.

ಊರಿಗೆ ಇಂಟರ್ನೆಟ್ ಬಂದ ಹೊಸತು. ಮಗಳು ಹತ್ತನೆಯ ತರಗತಿಗೆ ಹೋದ ವರ್ಷವೇ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರುವ ಸೂಚನೆ ಇರಲಿಲ್ಲ. ಮಗಳಿಗೆ ನರ್ಸ್ ಆಗುವ ಹಂಬಲ. ವಿಜ್ಞಾನ ಪಾಸಾಗದೆ ಆ ದಾರಿ ತೆರೆಯುವುದಿಲ್ಲ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಒಬ್ಬ ಮಾರಾಟಗಾರ ಬಂದ. ಅವನ ವೆಬ್‌ಸೈಟಿಗೆ ಒಂದು ವರ್ಷದ ಚಂದಾ ಕಟ್ಟಿದರೆ ಹತ್ತನೆಯ ವಿಜ್ಞಾನವೆಲ್ಲ ಚಿತ್ರ, ಧ್ವನಿಯ ಸಮೇತ ಶಾಲೆಯ ಕಂಪ್ಯೂಟರಿನಲ್ಲೇ ಸಿಗುತ್ತದಂತೆ.

ಊರು ಬಿಡುವ ಮುಂಚೆ ಅಕ್ಕೋರು ಹಾಜರಿ ಹಾಳೆಯ ಹಿಂಬದಿಗೆ ನಾಲ್ಕು ಪ್ರಶ್ನೆ ಬರೆದು ನನ್ನ ಕೈಗಿತ್ತರು. ಪಾಠ ಬರೆದವರು ಯಾರು? ಬರೆದದ್ದು ಯಾವಾಗ? ಈ ವರ್ಷದ ಪುಸ್ತಕಕ್ಕೆ ಹೊಂದುತ್ತದೆಯೇ? ಮಕ್ಕಳು ತಾವೇ ಓದಿ ತಿಳಿದುಕೊಳ್ಳಬಲ್ಲರೇ?

“ಒಂದ ವಾರ ತಡೀರಿ ಸಾವ್ಕಾರ್ರ. ಇಬ್ಬರು ಹುಡುಗ್ಯಾರನ್ನ ಪುಸ್ತಕ ಕೊಟ್ಟು ಅದರ ಮುಂದ ಕೂಡಸ್ರಿ. ಒಂದೊಂದ ಪಾಠ ಹೊಂದಿಸಿ ನೋಡ್ಲಿ. ಈ ವರ್ಷ ಪುಸ್ತಕ ಬದಲಾಗೈತಿ.”

“ವಾರಾ? ಅಷ್ಟರಾಗ ಆ ಮನಷ್ಯಾ ನರಗುಂದದ ಸಾಲಿಗೆ ಮಾರಿ ಹೋಗಿರ್ತಾನ್ರಿ ಅಕ್ಕೋರ. ಮಾಲ ನೋಡೂದು ನನಗ ಬಿಡ್ರಿ.”

“ಇದು ಕಡ್ಲಿ ಅಲ್ರಿ,” ಎಂದರು. ನಾನು ನಕ್ಕೆ.

ನಾನು ನೋಡಿದ್ದು ಹೇಗೆ, ಕೇಳಿ. ಮಾರಾಟಗಾರ ಮೊದಲ ಪಾಠ ತೆರೆದ. ಪರದೆಯ ಮೇಲೆ ಹೃದಯ ಬಡಿಯಿತು, ರಕ್ತ ಹರಿಯಿತು, ಹೆಡ್ ಮಾಸ್ತರರು ಬಾಯಿ ಬಿಟ್ಟರು. ಮೇಲಿನ ಕಾಳಿಗೆ ಮರುಳಾಗುವವನೇ ನಾನು? “ತಳದ್ದು ತಗೀಪಾ,” ಎಂದೆ. ಕೊನೆಯ ಪಾಠ ತೆರೆದ. ಅದೂ ಅಷ್ಟೇ ಚೆಂದ. ಮುಗಿಯಿತು ನನ್ನ ಪರೀಕ್ಷೆ. ಅಕ್ಕೋರ ಹಾಳೆ ಜೇಬಿನಲ್ಲೇ ಇತ್ತು.

ಉಳಿದದ್ದೆಲ್ಲ ಚೌಕಾಸಿ. ಅಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿಸಿಕೊಳ್ಳುವ ಹಾಗೆ, “ಒಂಬತ್ತನೇದ್ದು ಕೊಸರಿಗೆ ಹಾಕು,” ಎಂದೆ.

“ಎಂಟನೇದ್ದೂ ಇರ್ಲಿ ತಗೋರಿ ಯಜಮಾನ್ರ!” ಎಂದುಬಿಟ್ಟ.

ಕೊಸರು ಕೇಳಿದಾಗ ಮುಖ ಗಂಟು ಹಾಕದವನ ಮಾಲನ್ನು ಅದಕ್ಕೆ ಮುಂಚೆ ನಾನೆಂದೂ ಕೊಂಡವನಲ್ಲ. ಅವತ್ತು ಕೊಂಡೆ.

ಶ್ರಾವಣದಲ್ಲಿ ಒಂದು ಸಂಜೆ ಮಗಳು ಪುಸ್ತಕ ಹಿಡಿದುಕೊಂಡು ಅಂಗಡಿಗೆ ಬಂದಳು.

“ಅಪ್ಪಾ, ಕಂಪ್ಯೂಟರಿನ್ಯಾಗ ಇದ್ದದ್ದು ಪುಸ್ತಕದಾಗ ಇಲ್ಲ.”

“ಹೆಚ್ಚಿಗಿ ಕೊಟ್ಟಾನವಾ, ಕೊಸರು. ಅದನ್ನೂ ಕಲಿ.”

“ಪುಸ್ತಕದಾಗಿಂದು ಅದರಾಗ ಇಲ್ಲಲ್ಲ?”

“ಮುಂದ ಬರ್ತೈತಿ ನೋಡು.”

ಮುಂದೆ ಬರಲಿಲ್ಲ. ಅವು ಹಳೆಯ ಪುಸ್ತಕದ ಪಾಠಗಳು. ಇದು ನನ್ನ ತಲೆಗೆ ಹೋಗುವ ಹೊತ್ತಿಗೆ ಪರೀಕ್ಷೆ ಎದುರಿಗಿತ್ತು, ಮಾರಾಟಗಾರ ಫೋನು ಎತ್ತುತ್ತಿರಲಿಲ್ಲ. ಹುಡುಗಿಯರು ಮಾತ್ರ ಕರೆಂಟು ಇರುವಷ್ಟು ಹೊತ್ತೂ ಕೂತು ಅದನ್ನೇ ಬಾಯಿಪಾಠ ಮಾಡಿದ್ದರು.

ಮಗಳು ವಿಜ್ಞಾನವೊಂದರಲ್ಲಿ ನಪಾಸಾದಳು. “ಮತ್ತ ಕಟ್ಟೂಣವಾ,” ಎಂದೆ. “ಕಲಸಾವ್ರು ಯಾರಪ್ಪಾ?” ಎಂದಳು. ಆದರೂ ಪರೀಕ್ಷೆಯ ಫೀ ಕಟ್ಟಿ ಬಂದೆ. ಮತ್ತೊಮ್ಮೆ ಕೂತಳು, ಮತ್ತೆ ಹೋಯಿತು. ಮೂರನೆಯ ಸಲ ಫೀ ಕಟ್ಟಲಿಲ್ಲ; ಅವಳು ಅಂಗಡಿಗೆ ಬರತೊಡಗಿದಳು.

ಈಗ ಯಾವ ಶಾಲೆಯವರು ಇಂಥದ್ದನ್ನು ಕೊಳ್ಳುವ ಮಾತೆತ್ತಿದರೂ, ಅವರು ನನ್ನನ್ನು ಕೇಳದಿದ್ದರೂ, ಹೇಳುತ್ತೇನೆ: ಚಿತ್ರ ಆಮೇಲೆ ನೋಡಿ. ಪುಸ್ತಕ ಪಕ್ಕಕ್ಕಿಡಿ, ಓದುವ ಮಗುವನ್ನೇ ಎದುರಿಗೆ ಕೂರಿಸಿ, ಪುಸ್ತಕದ್ದು ಇದರಲ್ಲಿ ಇಲ್ಲ ಅಂತ ಮಗು ಅಂದರೆ ಇಲ್ಲ ಎಂದೇ ತಿಳಿಯಿರಿ. ಮಡಚಿದಲ್ಲಿ ಹರಿದಿರುವ ಅಕ್ಕೋರ ಹಾಳೆಯನ್ನೂ ತೋರಿಸುತ್ತೇನೆ. ತಲೆದೂಗಿ ಹೋಗುತ್ತಾರೆ. ಹೋಗಿ, ಚಿತ್ರ ನೋಡಿಯೇ ಕೊಳ್ಳುತ್ತಾರೆ.

ತಕ್ಕಡಿ ಈಗ ಮಗಳ ಕೈಯಲ್ಲಿದೆ. ಗಿರಾಕಿಗಳು ಕೊಸರು ಕೇಳಿದರೆ ಮಾತಿಲ್ಲದೆ ಒಂದು ಹಿಡಿ ಹಾಕುತ್ತಾಳೆ. ಆಗ ನಾನು ಬೀದಿಯ ಕಡೆ ನೋಡುತ್ತಿರುತ್ತೇನೆ.