ಹಕಾರವಿಲ್ಲದ ನೋಟ್ಸು

ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತದ್ದು ಮೊಮ್ಮಗಳ ಕೈ ಮುರಿದಿದ್ದರಿಂದ. ಆ ವಿದ್ಯೆ ಉಪಯೋಗಕ್ಕೆ ಬಂದದ್ದು ಒಬ್ಬ ಮೇಷ್ಟ್ರ ಮಾನ ಕಳೆಯುವುದಕ್ಕೆ. ಕೈ ಮುರಿದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ನೊಂದನ್ನು ನೆನೆದರೆ ಇಲ್ಲ.

ಮೇಷ್ಟ್ರ ಮೇಲಿನ ನನ್ನ ಸಿಟ್ಟು ಹಳೆಯದು. 2008ರಲ್ಲಿ ಮೊಮ್ಮಗಳು ಎಂಟನೇ ಕ್ಲಾಸು, ಅವರು ಅವಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಪೋಷಕರ ಸಭೆಗೆ ನಾನೇ ಹೋಗಿದ್ದೆ. ಹುಡುಗಿ ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಬೆಳಿಗ್ಗೆ ಹೊಟ್ಟೆಗೆ ಏನು ಕೊಡುತ್ತೀರಿ ಎಂದು ಎಲ್ಲರೆದುರು ಕೇಳಿದರು.

“ಒಂದ್ ಲೋಟ ಆಲು ಕೊಟ್ಟೇ ಕಳಿಸ್ತೀನಿ ಸಾ,” ಅಂದೆ.

ನಾವು ಕೊಡಿಗೇಹಳ್ಳಿಯ ಹಳಬರು. ಏರ್‌ಪೋರ್ಟ್ ರಸ್ತೆ ಬಂತು, ಸುತ್ತ ನಾಲ್ಕಂತಸ್ತಿನ ಮನೆಗಳು ಬಂದವು, ನಮ್ಮ ಬಾಯಿಗೆ ಮಾತ್ರ ‘ಹ’ ಬರಲಿಲ್ಲ. ಹಾಲು ನಮಗೆ ಆಲು, ಹತ್ತು ನಮಗೆ ಅತ್ತು.

“ಲೋಟದಲ್ಲಿ ಆಲೂಗಡ್ಡೇನಾ? ಅದಕ್ಕೇ ಹುಡುಗಿ ಹಿಂಗೆ ಉರುಳಾಡ್ತಾಳೆ,” ಅಂದರು ಮೇಷ್ಟ್ರು. ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಇನ್ನೊಂದು ಸೇರಿಸಿದರು: “‘ಹ’ನೇ ಬರದಿರೋ ಮನೇಲಿ ವಿದ್ಯೆ ಎಲ್ಲಿಂದ ಬರುತ್ತೆ, ಹೇಳಿ?”

ಹತ್ತನೇ ಕ್ಲಾಸು ಮುಗಿಯುವವರೆಗೂ ಅವಳನ್ನು ಎಲ್ಲರೂ ಆಲೂಗಡ್ಡೆ ಎಂದೇ ಕರೆದರು. ಅವಳು ಅತ್ತು ಮರೆತಳು. ನಾನು ಅಳಲಿಲ್ಲ, ಹಾಗಾಗಿ ಮರೆಯಲೂ ಇಲ್ಲ.

ಹತ್ತು ವರ್ಷ ಕಳೆಯಿತು. ಮೊಮ್ಮಗಳು ಡಿಗ್ರಿ ಮುಗಿಸಿದಳು. ಮೇಷ್ಟ್ರು ಶಾಲೆಯಿಂದ ರಿಟೈರ್ ಆಗಿ ಯಲಹಂಕದ ಒಂದು ಟ್ಯುಟೋರಿಯಲ್ ಸೇರಿದ್ದರು. ಸರ್ಕಾರಿ ಕೆಲಸದ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಜಾಗ ಅದು. ಅಲ್ಲಿ ಪಾಠ ಹೇಳಲು ಒಬ್ಬರು ಬೇಕಾಗಿದ್ದರು. ಅದನ್ನು ನಡೆಸುವ ಮೇಡಮ್ಮಿನ ಷರತ್ತು ಒಂದೇ: ಇತಿಹಾಸ, ಸಾಹಿತ್ಯ, ಕಾನೂನು, ವಿಜ್ಞಾನ, ಕಂಪ್ಯೂಟರ್, ಐದಕ್ಕೂ ಸ್ವಂತವಾಗಿ ನೋಟ್ಸ್ ಬರೆದು ತರಬೇಕು. ಚೆನ್ನಾಗಿದ್ದರೆ ಕೆಲಸ, ಬರೆದವರ ಹೆಸರಿನಲ್ಲೇ ಮಕ್ಕಳಿಗೆ ಪುಸ್ತಕ.

ಮೊಮ್ಮಗಳು ಬರೆಯಲು ಕೂತ ವಾರವೇ ಅಮೃತಹಳ್ಳಿ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದಳು. ಬಲಗೈಗೆ ಬೆರಳವರೆಗೂ ಪ್ಲಾಸ್ಟರು.

“ನೀ ಏಳು ಮಗಾ, ನಾ ಒತ್ತೀನಿ,” ಅಂದೆ.

ಅವಳು ಎಡಗೈಯಲ್ಲಿ ಪುಸ್ತಕ ತಿರುವುತ್ತಾ, ಓದಿದ್ದನ್ನೆಲ್ಲ ತನ್ನ ಮಾತಿನಲ್ಲಿ ಕಟ್ಟಿ ಹೇಳುವಳು. ನಾನು ಜಗಲಿಯ ಮೇಲೆ ಕೂತು ಒಂದೇ ತೋರುಬೆರಳಿನಲ್ಲಿ ಫೋನಿಗೆ ತಿವಿಯುವೆನು. ನನ್ನ ಬೆರಳೂ ನನ್ನ ನಾಲಿಗೆಯ ಒಡಹುಟ್ಟಿದ್ದೇ. ಅದಕ್ಕೂ ‘ಹ’ ಸಿಗಲಿಲ್ಲ. ಒಂದು ಪುಸ್ತಕ ಮುಗಿದರೆ ಪ್ರಿಂಟ್ ತೆಗೆಸುವುದು, ಅವಳು ಎಡಗೈಯಲ್ಲೇ ಕೆಂಪು ಪೆನ್ನು ಹಿಡಿದು ನನ್ನ ತಪ್ಪು ತಿದ್ದುವುದು. ತಿದ್ದದ ಇನ್ನೊಂದು ಪ್ರತಿ ಮೇಷ್ಟ್ರ ಕೈಗೆ. ಪೂರ್ತಿ ನೋಡಿಕೊಡುತ್ತೇನೆ ಎಂದು ಅವರೇ ಕೇಳಿದ್ದರು.

“ಆ ಮನುಸಂಗ್ಯಾಕೆ ಕೊಟ್ಟೆ?”

“ಹಳೇದೆಲ್ಲ ಬಿಡಜ್ಜಿ. ಕೆಲಸ ಇದೆ ಅಂತ ಹೇಳಿದ್ದೇ ಅವ್ರು.”

ಇತಿಹಾಸ ನೋಡಿ ಮೇಷ್ಟ್ರು ಮುಖ ಸಿಂಡರಿಸಿದರಂತೆ. ಸಾಹಿತ್ಯ ನೋಡಿ “ಇದೆಲ್ಲ ಕಸ” ಅಂದರಂತೆ. ಆದರೆ ಒಂದು ಭಾನುವಾರ ತಾವಾಗಿಯೇ ನಮ್ಮ ಬಾಗಿಲಿಗೆ ಬಂದು, “ಕಾನೂನಿಂದು ಯಾವಾಗ ಮುಗಿಯುತ್ತಮ್ಮ?” ಅಂದರು.

ಅಲ್ಲಿ ನನಗೆ ವಾಸನೆ ಹೊಡೆಯಿತು. ಕಸ ಅಂದವನು ಮುಂದಿನ ಬುಟ್ಟಿ ಯಾವಾಗ ಎಂದು ಕೇಳುತ್ತಾನೆಯೇ? ಮೊಮ್ಮಗಳಿಗೆ ಹೇಳಿದೆ, “ನಿಂಗೆಲ್ಲಾದ್ರಲ್ಲೂ ಅನುಮಾನ” ಎಂದು ನನ್ನನ್ನೇ ಬೈದಳು.

ಐದೂ ಮುಗಿಸಿ, ತಿದ್ದಿ, ನನ್ನ ಕೈಯಲ್ಲಿ ದಾರ ಹಾಕಿ ಹೊಲಿಸಿಕೊಂಡು ಅವಳು ಯಲಹಂಕಕ್ಕೆ ಹೋದ ದಿನ ಮಧ್ಯಾಹ್ನವೇ ವಾಪಸ್ಸು ಬಂದಳು. ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕುಸಿದಳು. ಮೇಷ್ಟ್ರು ಅವೇ ಐದನ್ನೂ ತಮ್ಮ ಹೆಸರಿನಲ್ಲಿ ಒಂದೇ ಪುಸ್ತಕವಾಗಿ ಬೈಂಡ್ ಮಾಡಿಸಿ ಹಿಂದಿನ ವಾರವೇ ಕೊಟ್ಟುಬಿಟ್ಟಿದ್ದರು. ಮೇಡಂ ಎರಡನ್ನೂ ಪಕ್ಕ ಪಕ್ಕ ಇಟ್ಟು ಸುಮ್ಮನೆ ಕಣ್ಣಾಡಿಸಿದರಂತೆ.

“ಮೇಷ್ಟ್ರ ಪುಸ್ತಕ ಕದ್ದು, ಕೆಂಪಿಂಕಲ್ಲಿ ತಿದ್ದಿ ತಂದಿದ್ದೀಯಾ ಅಂದ್ರು ಅಜ್ಜಿ. ಕಳ್ಳಿ ಅಂದ್ರು.”

ಮಾರನೆಯ ದಿನ ಒಳ್ಳೆಯ ಸೀರೆ ಉಟ್ಟೆ. ಅವಳ ಎಡಗೈ ಹಿಡಿದು ಬಸ್ಸು ಹತ್ತಿದೆ.

ಮೇಡಮ್ಮಿನ ಕೋಣೆಯಲ್ಲಿ ಮೇಷ್ಟ್ರೂ ಇದ್ದರು. ಮೇಜಿನ ಮೇಲೆ ಅವರ ಪುಸ್ತಕ, ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಅವರ ಹೆಸರು. ಬೈಂಡಿಗೆ ಪಟ್ಟ ಶ್ರಮದಲ್ಲಿ ಕಾಲು ಭಾಗ ಓದುವುದಕ್ಕೆ ಪಟ್ಟಿದ್ದರೂ ಸಾಕಿತ್ತು.

“ನಮ್ಮಜ್ಜಿ ಫೋನಲ್ಲೇ ಇದೆ ಮೇಡಂ, ನೋಡಿ,” ಎಂದಳು ಮೊಮ್ಮಗಳು.

“ನನ್ನ ಪುಸ್ತಕ ನೋಡ್ಕೊಂಡು ಯಾರು ಬೇಕಾದ್ರೂ ಟೈಪ್ ಮಾಡ್ಬಹುದು,” ಅಂದರು ಮೇಷ್ಟ್ರು.

“ಅದೂ ಸರಿಯೇ,” ಅಂದೆ ನಾನು. “ಮೇಷ್ಟ್ರೇ, ನಿಮ್ದೇ ಪುಸ್ತಕ ಅಲ್ವಾ? ವಿಗ್ನಾನ ಒಂದ್ನಾಕು ಸಾಲು ಓದಿ. ನಮ್ಮಂಥೋರೂ ಕೇಳಾನ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. “ಅಕ್ಕಿಯ ಮೂಳೆಗಳು ಟೊಳ್ಳಾಗಿರುವುದರಿಂದ ಅದು ಸುಲಭವಾಗಿ ಆರುತ್ತದೆ...”

ಮೇಡಂ ಕನ್ನಡಕ ಏರಿಸಿದರು. “ಅಕ್ಕಿಗೆ ಮೂಳೆಯಾ?”

“ಡಿಟಿಪಿ ಅಂಗಡಿಯವ್ರ ತಪ್ಪು ಮೇಡಂ. ಹಕ್ಕಿ ಅಂತಿರಬೇಕು.”

“ಸಾಯಿತ್ಯ ಓದಿ ಸಾ,” ಅಂದೆ.

“ರಾಗಿ ಬೀಸುವಾಗ ತಾಯಂದಿರು ಆಡು ಕಟ್ಟುತ್ತಿದ್ದರು.”

“ಬೀಸೋದ್ ಬಿಟ್ಟು ಆಡು, ಕುರಿ ಎಲ್ಲಾ ಯಾಕೆ ಕಟ್ಟಾಕವ್ರೆ ಮೇಷ್ಟ್ರೇ?”

ಮೇಡಂ ಪುಸ್ತಕವನ್ನು ಕಿತ್ತುಕೊಂಡು ತಾವೇ ಹಾಳೆ ತಿರುವಿದರು. ಇತಿಹಾಸದಲ್ಲಿ ಒಳಜಗಳದಿಂದ ಸಾಮ್ರಾಜ್ಯ ಆಳಾಗಿತ್ತು. ಕಂಪ್ಯೂಟರಿನಲ್ಲಿ ಲೂಪ್ ಎಂದರೆ ಒಂದೇ ಕೆಲಸವನ್ನು ಅತ್ತು ಸಲ ಮಾಡುವುದು. ಕಾನೂನಿಗೆ ಬಂದವರು ನಿಂತರು, ಗಟ್ಟಿಯಾಗಿ ಓದಿದರು.

“ಅತ್ತೆಗೆ ಜೀವಾವಧಿ ಶಿಕ್ಷೆ.” ಮೇಷ್ಟ್ರ ಕಡೆ ತಿರುಗಿದರು. “ಹೋದ ತಿಂಗಳು ನಾನೂ ಅತ್ತೆ ಆದೆ, ಮೇಷ್ಟ್ರೇ.”

“ಹತ್ಯೆ, ಮೇಡಂ... ಹತ್ಯೆಗೆ...”

“ಡಿಟಿಪಿ ಅಂಗಡಿಯವ್ರಿಗೆ ಐದು ವಿಷಯದಲ್ಲೂ ‘ಹ’ ಒಂದೇ ಬರಲ್ವಾ?”

ಆಮೇಲೆ ಮೇಡಂ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. “ಅಜ್ಜಿ, ನಾನು ಹೇಳಿದ್ದು ಟೈಪ್ ಮಾಡ್ತೀರಾ? ಹಳೆಯ ಹಾಡು ಹಾಳಾಗುವ ಹೊತ್ತಿಗೆ ಹತ್ತು ಹಕ್ಕಿ ಹಾರಿದವು.”

ಕೋಣೆಯಲ್ಲಿ ಎಲ್ಲರೂ ನನ್ನ ತೋರುಬೆರಳನ್ನೇ ನೋಡುತ್ತಿದ್ದರು. ಅವಸರ ಮಾಡಲಿಲ್ಲ. ಮುಗಿಸಿ ಫೋನು ಕೊಟ್ಟೆ. ಅವರು ಓದಿದರು: “ಅಳೆಯ ಆಡು ಆಳಾಗುವ ಒತ್ತಿಗೆ ಅತ್ತು ಅಕ್ಕಿ ಆರಿದವು.”

ಮೇಡಂ ಮೊಮ್ಮಗಳ ಮುಖ ನೋಡಿ “ತಪ್ಪಾಯ್ತಮ್ಮ” ಅಂದರು. ಪ್ಲಾಸ್ಟರು ಬಿಚ್ಚಿದ ಮಾರನೆಯ ದಿನದಿಂದ ಬಾ ಅಂದರು. ಮೇಷ್ಟ್ರಿಗೆ ಏನಂದರೋ ನಾನು ಕೇಳಿಸಿಕೊಳ್ಳಲಿಲ್ಲ, ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕಿವಿ ಇಟ್ಟೆ, ಮೊಮ್ಮಗಳು ಸೆರಗು ಹಿಡಿದು ಎಳೆದಳು.

ಇಷ್ಟು ದಿನ ಅವಳಿಗೂ ಹೇಳದ ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಮೊದಲೆರಡು ಪುಸ್ತಕದ ತಪ್ಪು ನನ್ನ ನಾಲಿಗೆಯದು. ಮೇಷ್ಟ್ರು ಬಾಗಿಲಿಗೆ ಬಂದು ಹೋದ ದಿನವೇ ನಾನು ಫೋನಿನಲ್ಲಿ ‘ಹ’ ಎಲ್ಲಿದೆ ಎಂದು ಹುಡುಕಿ ಇಟ್ಟುಕೊಂಡೆ, ಅದರ ಮೇಲೆ ಬೆರಳು ಬೀಳದಂತೆ ನೋಡಿಕೊಳ್ಳುವುದಕ್ಕೆ. ಅತ್ತೆಗೆ ಶಿಕ್ಷೆ ಕೊಟ್ಟವಳು ನಾನೇ. ಅಂತಹ ಪುಸ್ತಕ ಮಕ್ಕಳ ಕೈ ಸೇರೀತೆಂಬ ಭಯವಿತ್ತು. ಮೊಮ್ಮಗಳ ಕೆಂಪು ಪೆನ್ನನ್ನು ನಂಬಿದ್ದೆ. ಮೇಷ್ಟ್ರ ಸೋಮಾರಿತನವನ್ನು ಅದಕ್ಕಿಂತ ಹೆಚ್ಚು ನಂಬಿದ್ದೆ.

2019ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಾಲಿನ ಬೂತಿನಲ್ಲಿ ಮೇಷ್ಟ್ರು ಸಿಕ್ಕಿದರು. ಟ್ಯುಟೋರಿಯಲ್ ಬಿಟ್ಟಿದ್ದರು. ನನ್ನನ್ನು ನೋಡಿ ತಿರುಗಿ ಹೋಗಲು ನೋಡಿದರು, ಹಿಂದೆ ಕ್ಯೂ ಇತ್ತು. ವಯಸ್ಸಾದವರು, ಕ್ಷಮಿಸಿಬಿಡು ಎಂದು ಮೊಮ್ಮಗಳು ಎಷ್ಟೋ ಸಲ ಹೇಳಿದ್ದಳು. ಅವರಿಗಿಂತ ನಾನು ದೊಡ್ಡವಳು, ನನಗೆ ಯಾರು ಏನು ಕ್ಷಮಿಸಿದ್ದರು?

ಬೂತಿನವನಿಗೆ ಕ್ಯೂಗೆಲ್ಲ ಕೇಳುವಂತೆ ಹೇಳಿದೆ: “ನಮ್ ಮೇಷ್ಟ್ರಿಗೆ ಮೊದ್ಲು ಕೊಡಪ್ಪಾ. ಅರ್ಧ ಲೀಟ್ರು ಆಲು.”

ಮೇಷ್ಟ್ರು ತಿದ್ದಲಿಲ್ಲ. ಪ್ಯಾಕೆಟ್ಟು ತೆಗೆದುಕೊಂಡು ಹೋದರು.